ಮೇಡಂ ಕೈಯಿಂದ ಸೂಜಿ ತೆಗೆದ ಮಧ್ಯಾಹ್ನ

ನನಗೆ ನರ್ಸಿಂಗ್ ಕಲಿಸಿದ ಮೇಡಂ ತೀರಿಕೊಂಡದ್ದು ನನ್ನ ಡ್ಯೂಟಿಯಲ್ಲೇ, ಹೊನ್ನಾವರದಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ.

ಕುಮಟಾದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ದುಡಿದು, ಆಮೇಲೆ ಭಟ್ಕಳದ ನಮ್ಮ ನರ್ಸಿಂಗ್ ಶಾಲೆಗೆ ಪಾಠ ಹೇಳಲು ಬಂದವರು ಅವರು. ವಾರ್ಡಿನಲ್ಲಿ, ಕಡಲ ಬದಿಯ ತೆಂಗಿನಗುಂಡಿಯಿಂದ ಬಂದ ತಾಯಂದಿರ ಹತ್ತಿರ ಕೊಂಕಣಿ, ಭಟ್ಕಳ ಪೇಟೆಯ ಮುಸ್ಲಿಮರ ಹತ್ತಿರ ಅವರ ಮನೆಮಾತು ನವಾಯತಿ ಆಡುತ್ತಿದ್ದರು. ಮಗುವನ್ನು ಮುಟ್ಟುವ ಮೊದಲು ತಾಯಿಯನ್ನು ಮಾತಾಡಿಸಬೇಕು ಎನ್ನುವುದು ಅವರ ಮೊದಲ ಪಾಠ.

ನಾನು ಎರಡನೇ ವರ್ಷ ಕಲಿಯುತ್ತಿದ್ದಾಗ, ಜಾಲಿ ಎಂಬ ಊರಿನಿಂದ ಬಂದಿದ್ದ ಒಂದು ಹೆಣ್ಣುಮಗುವಿಗೆ ಸಲೈನ್ ಹಾಕಲು ಹೋಗಿ ಮೂರು ಸಲ ಚುಚ್ಚಿದೆ. ನರ ಸಿಗಲಿಲ್ಲ. ತಾಯಿ ನನ್ನ ಕೈಯನ್ನು ತಳ್ಳಿಬಿಟ್ಟಳು. ಮೇಡಂ ಬಂದು ಒಂದೇ ಸಲಕ್ಕೆ ಹಾಕಿ, ನನ್ನನ್ನು ಹೊರಗೆ ಕರೆದರು.

"ಎಂತ ಆತು ತಂಗಿ?"

"ನರ ಸಿಕ್ಲಿಲ್ಲ ಮೇಡಂ."

"ಸಿಗದೇ ಇದ್ದದ್ದು ತಪ್ಪಲ್ಲ. ಒಂದು ಸಲ ತಪ್ಪಿದ ಕೂಡ್ಲೇ ನನ್ನ ಕರೀಬೇಕಿತ್ತು. ಹೋಗು, ತಪ್ಪಾತು ಅಂತ ಅವಳ ಹತ್ರ ಹೇಳು."

ಹೋಗಿ ಹೇಳಿದೆ. ತಾಯಿ ಮುಖ ಎತ್ತಿ ನೋಡಲಿಲ್ಲ. ಸಂಜೆ ಚಾ ಕುಡಿಯಲು ಎದ್ದವಳು, ಸ್ವಲ್ಪ ಹಿಡ್ಕೊಳ್ಳಿ ಎಂದು ಮಗುವನ್ನು ನನ್ನ ಮಡಿಲಿಗೇ ಹಾಕಿ ಹೋದಳು. ಮೇಡಂ ದೂರದಿಂದ ನೋಡಿ, ಮುಂದಿನ ಹಾಸಿಗೆಗೆ ಹೋದರು.

ವರ್ಷಗಳು ಕಳೆದ ಮೇಲೆ ಅದೇ ಮೇಡಂ ಮೂತ್ರಪಿಂಡ ಕೆಟ್ಟು, ನಾನು ನರ್ಸಾಗಿದ್ದ ಹೊನ್ನಾವರದ ಆಸ್ಪತ್ರೆಗೆ, ನಮ್ಮ ವಾರ್ಡಿಗೇ ಬಂದರು. ಕೊನೆಯ ವಾರ ನನ್ನ ಗುರುತು ಸಿಗುತ್ತಿರಲಿಲ್ಲ. "ಸಿಸ್ಟರ್, ಆ ಮಗು ಹಾಲು ಕುಡೀತಾ?" ಎಂದು ಒಂದು ಬೆಳಿಗ್ಗೆ ಕೇಳಿದರು. ಯಾವ ಮಗುವೋ. "ಕುಡೀತು ಮೇಡಂ" ಎಂದೆ. "ಆತು" ಎಂದು ಕಣ್ಣು ಮುಚ್ಚಿದರು.

ಎರಡು ದಿನ ಕಳೆದು, ಮಧ್ಯಾಹ್ನ, ಉಸಿರು ನಿಂತಿತು. ಡಾಕ್ಟರು ಬಂದು ನೋಡಿ, ಗಡಿಯಾರ ನೋಡಿ, ಹೊತ್ತು ಬರೆದುಕೊಂಡು ಹೋದರು. ನಾನು ನಳಿಕೆಗಳನ್ನು ಬಿಡಿಸಿದೆ. ಕೈಯ ಸೂಜಿ ತೆಗೆದು, ಹತ್ತಿ ಇಟ್ಟು, ರಕ್ತ ನಿಲ್ಲಲೆಂದು ಒತ್ತಿ ಹಿಡಿದೆ.

"ಇನ್ನು ಎಂತಕ್ಕೆ ಒತ್ತೂದು, ಸಿಸ್ಟರ್?" ಹಾಸಿಗೆ ಪಕ್ಕದಲ್ಲಿ ನಿಂತಿದ್ದ ಮೇಡಂ ಅವರ ತಂಗಿ ಮೆಲ್ಲಗೆ ಕೇಳಿದರು.

ಕೈ ತೆಗೆದೆ. ಮೈ ಒರೆಸಿ, ತಲೆ ಬಾಚಿ, ಅವರ ತಂಗಿ ತಂದಿದ್ದ ಸೀರೆ ಉಡಿಸಿದೆವು. ಎದೆಯಲ್ಲಿ ಏನಾದರೂ ಆಗುತ್ತದೆಂದು ಕಾದೆ. ಆಗಲಿಲ್ಲ. ಹಸಿವಾಗಿತ್ತು. ಕೈ ತೊಳೆದು ಡಬ್ಬಿ ಬಿಚ್ಚಿ, ತಣ್ಣಗಾದ ಅನ್ನ ಸಾರು ಪೂರ್ತಿ ಉಂಡೆ.

ಮುಂದಿನ ವಾರ ನಮ್ಮ ನರ್ಸಿಂಗ್ ಶಾಲೆಯಲ್ಲಿ ಸಂತಾಪ ಸಭೆ. ಕೊನೆಗೆ ನೋಡಿಕೊಂಡವಳು ನೀನೇ, ಎರಡು ಮಾತಾಡು ಎಂದರು ಅಲ್ಲಿಯ ಟೀಚರುಗಳು. ಮೇಡಂ ಎಲ್ಲೆಲ್ಲಿ ಕೆಲಸ ಮಾಡಿದರು, ನಮಗೆ ಏನೇನು ಕಲಿಸಿದರು ಎಂದು ಹೇಳಿ ಕೂತೆ. ನನ್ನ ದನಿ ವಾರ್ಡಿನಲ್ಲಿ ವರದಿ ಒಪ್ಪಿಸುವಾಗ ಇರುವಂತೆಯೇ ಇತ್ತು. ಹಿಂದಿನ ಸಾಲಿನ ಹುಡುಗಿಯರು ಬಿಕ್ಕುತ್ತಿದ್ದರು. ಪಕ್ಕದಲ್ಲಿದ್ದವಳು ಕರವಸ್ತ್ರ ಕೊಟ್ಟಳು. ಮಡಿಕೆ ಬಿಚ್ಚದೆ ಹಾಗೇ ವಾಪಸು ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.