ಮಣ್ಣಿನ ಕಣಿವೆಗೆ ನೀರು

ಶರಾವತಿಗೆ ಕಟ್ಟೆ ಕಟ್ಟಿ ಊರು ಮುಳುಗಿದಾಗ ಮಾಸ್ತಪ್ಪನಿಗೆ ಮೀಸೆ ಚಿಗುರುವ ವಯಸ್ಸು. ಪಾತ್ರೆ ಪಗಡ, ಕರು, ಕೋಳಿಗಳ ನಡುವೆ ಲಾರಿಯಲ್ಲಿ ಕೂತು ಹೊಸನಗರದ ಕಡೆ ಬಂದವನು ಬಿದ್ದೆದ್ದು ಓದಿದ. ಮುಳುಗಡೆ ಜನರ ಹೊಸ ಊರಿನಲ್ಲೇ ಮೇಷ್ಟ್ರಾದ. ಅವನ ತಾಯಿ ದುಗ್ಗಮ್ಮ ಮಾತ್ರ ಹಳೇ ಊರಿನ ಹೆಸರನ್ನು ಮತ್ತೆ ನಾಲಿಗೆ ಮೇಲೆ ತಂದವಳಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ, ಅಣೆಕಟ್ಟಿನ ಪಾಠವನ್ನು ತಾಲ್ಲೂಕಿನ ಮಕ್ಕಳಿಗೆ ಯಾವುದರಿಂದ ಕಲಿಸಬೇಕೆಂದು ಆರಿಸಲು ಶಾಲಾ ಇನ್ಸ್‌ಪೆಕ್ಟರು ಬರುವುದೆಂದಾಯಿತು. ಅವರ ಬಳಿ ಗೋಡೆ ಮೇಲೆ ಚಿತ್ರ ಬಿಡುವ ಪೆಟ್ಟಿಗೆಯಿತ್ತು; ಮೇಷ್ಟ್ರುಗಳು ಮಾಡಿದ ಮಾದರಿಯನ್ನೂ ನೋಡುವವರಿದ್ದರು. ಮಾಸ್ತಪ್ಪ ಮಕ್ಕಳನ್ನು ಕಟ್ಟಿಕೊಂಡು ಶಾಲೆಯ ಅಂಗಳದಲ್ಲೇ ಜೇಡಿಮಣ್ಣಿನ ಕಣಿವೆ ಮಾಡಿದ. ಗುಡ್ಡ, ಹೊಳೆ, ಕಟ್ಟೆ, ಅಡಿಕೆ ಹಾಳೆ ಚೂರಿನ ಮನೆಗಳು. ಕೊಡದಿಂದ ಹೊಳೆಗೆ ನೀರು ಬಿಟ್ಟು ಕಟ್ಟೆ ತುಂಬುವುದನ್ನು ತೋರಿಸುವುದು ಅವನ ಯೋಚನೆ.

ಸುದ್ದಿ ದುಗ್ಗಮ್ಮನ ಕಿವಿಗೆ ಬಿತ್ತು.

"ನಮ್ಮೂರನ್ನ ಇನ್ನೊಂದ್ಸಲ ಮುಳುಗಿಸ್ತೀಯಾ ಮಾಸ್ತ? ನೀರು ಬಿಟ್ಟೆಯೋ, ನಾನು ನಿನ್ನ ಮನೇಲಿ ತುತ್ತು ಎತ್ತಲ್ಲ."

ಅವಳ ಮಾತು ಬಂಡೆ ಮೇಲೆ ಕೊರೆದ ಹಾಗೆ, ಆಡಿದರೆ ಬದಲಿಲ್ಲ. ನೀರಿಲ್ಲದೆ ಪಾಠವಿಲ್ಲ, ನೀರು ಬಿಟ್ಟರೆ ಅವ್ವನಿಲ್ಲ.

ಇನ್ಸ್‌ಪೆಕ್ಟರು ಬಂದರು. ಕಿಟಕಿಗೆ ಕಂಬಳಿ ಕಟ್ಟಿ, ಜೀಪಿನ ಬ್ಯಾಟರಿಗೆ ಪೆಟ್ಟಿಗೆ ಜೋಡಿಸಿ ಚಿತ್ರ ಬಿಟ್ಟರು. ಬೆಳ್ಳಗಿನ ಕಟ್ಟೆ, ಝಗಮಗ ದೀಪ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ಆಮೇಲೆ ಎಲ್ಲರೂ ಅಂಗಳಕ್ಕೆ ಬಂದರು.

"ಏನ್ರೀ ಮೇಷ್ಟ್ರೇ, ಮಣ್ಣಾಟಾನಾ? ಹೂಂ, ನೀರು ಬಿಡಿ ನೋಡೋಣ."

ಮಾಸ್ತಪ್ಪ ಕೊಡ ಎತ್ತಿದ. ಬೇಲಿಯ ಆಚೆ ದುಗ್ಗಮ್ಮ ನಿಂತಿದ್ದಳು. ಅವನು ಕೊಡವನ್ನು ಸೊಂಟಕ್ಕೇ ಒತ್ತಿಕೊಂಡ.

ಮುಂದೆ ಕೂತಿದ್ದ ಕನ್ನಮ್ಮ ಎಂಬ ಪುಟ್ಟ ಹುಡುಗಿ ಕೇಳಿದಳು. "ಸಾ, ಈ ಮನೆಯೋರು ಎಲ್ಲಿಗೆ ಹೋದ್ರು?"

ಮಾಸ್ತಪ್ಪ ಬೆರಳು ಎತ್ತಿದ. ತೋರಿಸಲು ಜಾಗವೇ ಇರಲಿಲ್ಲ. ಗುಡ್ಡದ ಅಂಚಿಗೇ ಅವನ ಮಣ್ಣಿನ ಲೋಕ ಮುಗಿದಿತ್ತು. ತಾನೇ ಲಾರಿ ಹತ್ತಿ ಬಂದವನು, ಬಂದು ಇಳಿದ ನೆಲವನ್ನೇ ಮಾಡಲು ಮರೆತಿದ್ದ.

"ಬೇಗ ರೀ, ಇನ್ನೂ ಎರಡು ಶಾಲೆ ಇದಾವೆ," ಎಂದು ಇನ್ಸ್‌ಪೆಕ್ಟರು ಅವಸರಿಸಿದರು.

"ತಡೀರಿ ಸಾಹೇಬ್ರೆ!" ದುಗ್ಗಮ್ಮ ಬೇಲಿ ದಾಟಿ ಬಂದೇಬಿಟ್ಟಳು. "ಜನ ಇನ್ನೂ ಒಳಗೇ ಇದಾರೆ."

ಇನ್ಸ್‌ಪೆಕ್ಟರು ನಕ್ಕರು. ಮಾಸ್ತಪ್ಪ ನಗಲಿಲ್ಲ. ಕೊಡ ಕೆಳಗಿಟ್ಟ.

"ಇವತ್ತು ನೀರು ಬಿಡಲ್ಲ ಸಾರ್. ಮೊದಲು ಜನಕ್ಕೆ ಜಾಗ ಆಗ್ಬೇಕು."

"ಹಾಗಾದ್ರೆ ಪೆಟ್ಟಿಗೆಯೇ ಸೈ," ಎಂದು ಅವರು ಜೀಪು ಹತ್ತಿದರು. ತಾಲ್ಲೂಕಿಗೆಲ್ಲ ಪೆಟ್ಟಿಗೆಯೇ ಆಯಿತು.

ದುಗ್ಗಮ್ಮ ಸೆರಗು ಸಿಕ್ಕಿಸಿ ಮಣ್ಣಿಗೆ ಕೂತಳು. ಗುಡ್ಡದ ಆಚೆ ಹೊಸ ಊರಿಗೆ ನೆಲ ತಟ್ಟುತ್ತ ಕನ್ನಮ್ಮನಿಗೆ ಹೇಳಿದಳು. "ಹೊರಡೋ ದಿನ ಹೊಸ್ತಿಲು ಸಾರಿಸಿ, ರಂಗೋಲಿ ಇಟ್ಟು ಬಂದ್ವಿ ಕಣೆ. ಹೊಳೆಗೆ ಹೊಲಸು ಮನೆ ಕೊಡಕ್ಕಾಗುತ್ತಾ?"

ಹಳೇ ಊರಿನ ಹೆಸರನ್ನೂ ಹೇಳಿದಳು. ಮಕ್ಕಳು ಕಡ್ಡಿ ಮುರಿದು ಮನೆಮನೆಗೂ ಜನರನ್ನು ಮಾಡಿ, ಒಂದೊಂದೇ ಮನೆಯವರನ್ನು ಗುಡ್ಡ ದಾಟಿಸಿದವು. ಕೊನೆಯ ಕಡ್ಡಿಯೂ ದಾಟಿ ಬಂದ ಮೇಲೆ ಅವಳು ಮಗನ ಮುಖ ನೋಡಿದಳು.

"ಈಗ ಬಿಡು ಮಾಸ್ತ. ಮೆಲ್ಲಗೆ."