ರಾಜ ಮಾತು ಮರೆತಾಗ

ನನ್ನ ಸೋದರಮಾವನ ಎಡಗೈ ಸದಾ ಬಾಯಿಗೆ ಮರೆಯಾಗಿ ನಿಂತಿರುತ್ತಿತ್ತು. ಕತ್ತು ಎದುರಿಗಿದ್ದವರ ಕಡೆಗೆ ಗೇಣುದ್ದ ಚಾಚಿಕೊಂಡಿರುತ್ತಿತ್ತು. ಹೊಳೇನರಸೀಪುರದ ಸುತ್ತಮುತ್ತ ಯಾವ ಊರಿನವರು ನಾಟಕವಾಡಲಿ, ಪರದೆಯ ಪಕ್ಕ ಪುಸ್ತಕ ಹಿಡಿದು ನಿಂತು, ಮರೆತವರಿಗೆ ಮಾತು ಹೇಳಿಕೊಡುತ್ತಿದ್ದವನು ಅವನೇ. ನಾಟಕದಲ್ಲಿ ಅದು ಉಪಕಾರ, ಸರಿ. ಆದರೆ ಈ ಮನುಷ್ಯ ಕಂಡಕಂಡಲ್ಲೆಲ್ಲ ಅದನ್ನೇ ಮಾಡುತ್ತಿದ್ದ. ಬಸ್ಸಿನಲ್ಲಿ ನಾನು "ಹಾಸನ, ಎರಡು..." ಅನ್ನುವಷ್ಟರಲ್ಲಿ ಪಕ್ಕದಿಂದ "ಟಿಕೀಟು" ಅನ್ನುತ್ತಿದ್ದ. ನಾನು ಹೆಣ್ಣು ನೋಡಲು ಹೋದ ದಿನ, ಹುಡುಗಿಯ ಹೆಸರು ಕೇಳೋಣವೆಂದು ಬಾಯಿ ತೆರೆದರೆ ಪ್ರಶ್ನೆಯನ್ನೂ ಅವನೇ ಕೇಳಿ ಉತ್ತರವನ್ನೂ ಅವನೇ ಕೊಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

"ಸುಮ್ಕಿರು ಮಾವ" ಅಂದರೆ, "ಮಾತು ಸಿಗ್ದೆ ಒದ್ದಾಡೋರ್ನ ನೋಡ್ಕಂಡು ಎಂಗ್ಲಾ ಸುಮ್ಕಿರಾದು?" ಅನ್ನುತ್ತಿದ್ದ.

ಅದಕ್ಕೆ ನಾನು ಎದುರಾಡುವಂತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಊರ ನಾಟಕದಲ್ಲಿ ರಾಜಕುಮಾರನ ವೇಷ ಹಾಕಿ, ಜನರನ್ನು ಕಂಡದ್ದೇ ತಡ, ಎಲ್ಲ ಮರೆತು ನಿಂತಿದ್ದೆ. ಒಂದೊಂದೇ ಮಾತು ಎತ್ತಿಕೊಟ್ಟು ದಡ ಸೇರಿಸಿದವನು ಮಾವ. ಶಿಳ್ಳೆ, ಚಪ್ಪಾಳೆ ಎಲ್ಲ ನನಗೆ ಬಿತ್ತು. ಆ ವಿಷಯ ಅವನು ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ.

ಎರಡು ವರ್ಷದ ಹಿಂದೆ ಹಾಸನಕ್ಕೆ ಒಂದು ಐತಿಹಾಸಿಕ ಸಿನಿಮಾ ಬಂತು. ಚಿಕ್ಕ ವಯಸ್ಸಿಗೇ ಪಟ್ಟಕ್ಕೆ ಬಂದ ರಾಜನ ಕತೆ. "ರಾಜನ ಪಾರ್ಟಂತೆ, ಕರ್ಕಂಡೋಗ್ಲಾ" ಎಂದು ಮಾವ ದುಂಬಾಲು ಬಿದ್ದ. ತುಟಿ ಬಿಚ್ಚಬಾರದೆಂದು ಆಣೆ ಹಾಕಿಸಿಕೊಂಡು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಕಡ್ಲೆಕಾಯಿ ತಿನ್ನುತ್ತಾ ಹೇಗೋ ಆಣೆ ಉಳಿಸಿಕೊಂಡ. ಕೊನೆಗೆ, ಮೋಸ ಮಾಡಿದ ಚಿಕ್ಕಪ್ಪನನ್ನು ಕಟ್ಟಿ ತಂದು ರಾಜನ ಮುಂದೆ ನಿಲ್ಲಿಸಿದರು. ಇಡೀ ಸಭೆ ಅಪ್ಪಣೆಗೆ ಕಾಯುತ್ತಿದೆ. ಹುಡುಗ ಮಾತಾಡುತ್ತಿಲ್ಲ. ಥಿಯೇಟರಿನಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಮಾವ ಎದ್ದೇಬಿಟ್ಟ. ಎಡಗೈ ಬಾಯಿಗೆ ಹೋಯಿತು.

"ಕ್ಷಮಿಸಿದ್ದೇನೆ! ಕ್ಷಮಿಸಿದ್ದೇನೆ ಅನ್ನಪ್ಪ!"

ಥಿಯೇಟರಿಗೆ ಥಿಯೇಟರೇ ನಕ್ಕಿತು. ಮುಂದಿನ ಸೀಟಿನವನು ತಿರುಗಿ, "ನಿಮ್ಮೋರಾ ಸಾ?" ಎಂದು ನನ್ನನ್ನು ಕೇಳಿದ.

"ಅಲ್ಲ" ಅಂದೆ.

ಮಾವನಿಗೆ ಕೇಳಿಸಿತು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಒಬ್ಬನೇ ಹೊರಗೆ ನಡೆದ. ನಾನು ಹಿಂದೆ ಓಡಿದೆ. ರಾಜ ಏನು ಹೇಳಿದನೆಂದು ಇಬ್ಬರೂ ನೋಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಮಾವ ಒಂದು ಮಾತೂ ಆಡಲಿಲ್ಲ. ಸುಮ್ಮನಿರು ಎಂದು ಜೀವಮಾನವೆಲ್ಲ ಬೈದ ನನಗೇ ಆ ಸುಮ್ಮನಿರುವುದನ್ನು ಸಹಿಸಲಾಗಲಿಲ್ಲ.

ಮರುವರ್ಷ ಅವನಿಗೆ ಲಕ್ವ ಹೊಡೆದು ಮಾತು ತಡವರಿಸತೊಡಗಿತು. ನೋಡಲು ಹೋದಾಗ "ಆ... ಆ..." ಎಂದು ಪೇಚಾಡುತ್ತಿದ್ದ. "ನೀರಾ? ಮಾತ್ರೆನಾ? ಅತ್ತೆನ ಕರೀಲಾ?" ಎಂದೆ. ಎಲ್ಲಕ್ಕೂ ತಲೆ ಅಡ್ಡಡ್ಡ ಆಡಿಸಿದ. ನನಗೆ ರೇಗಿತು. ಕೊನೆಗೆ ಅವನೇ ಎಳೆದೆಳೆದು ಹೇಳಿದ:

"ಆ ಹುಡ್ಗ... ಯೋಳ್ದ್ನಾ?"

"ಯೋಳ್ದ ಮಾವ. ನೀನು ಯೋಳ್ಕೊಟ್ಟಂಗೇ ಯೋಳ್ದ."

ಕಣ್ಣು ಮುಚ್ಚಿ ತಲೆಯಾಡಿಸಿದ. ಮುಂದಿನ ವಾರ ತೀರಿಕೊಂಡ.

ಕಳೆದ ಭಾನುವಾರ ಅದೇ ಸಿನಿಮಾ ಟಿವಿಯಲ್ಲಿ ಬಂತು. ಆ ದರಿದ್ರದ ಹುಡುಗ ಏನೂ ಹೇಳುವುದೇ ಇಲ್ಲ. ಮುಖ ತಿರುಗಿಸುತ್ತಾನೆ, ಸೈನಿಕರು ಚಿಕ್ಕಪ್ಪನನ್ನು ಎಳೆದುಕೊಂಡು ಹೋಗುತ್ತಾರೆ, ಅಷ್ಟೆ. ನನಗೆ ಎಲ್ಲಿತ್ತೋ ಸಿಟ್ಟು.

"ಕ್ಷಮಿಸಿದ್ದೇನೆ ಅನ್ನೋ!" ಎಂದು ಎದ್ದು ನಿಂತು ಕೂಗಿದೆ.

ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು. "ಯಾರಿಗ್ರೀ ಹೇಳ್ಕೊಡ್ತಿದೀರಾ?"

ಉತ್ತರ ಬಾಯಿಗೆ ಬರಲಿಲ್ಲ. ಪಕ್ಕದಿಂದ ಹೇಳಿಕೊಡುವವನೂ ಇರಲಿಲ್ಲ.