ಕಚ್ಚೆ ಬಿಗಿದ ರೋಮನ್ನನ ಅಭಿನಂದನೆ

ಪ್ರಾಚೀನ ನಾಗರಿಕತೆಗಳೆಂದರೆ ಅರಸರ ಯುದ್ಧಗಳು, ಇಸವಿಗಳು ಎಂದಷ್ಟೇ ತಿಳಿದಿದ್ದ ಹಾಸನ ಸೀಮೆಯ ಚರಿತ್ರೆಯ ವಿದ್ಯಾರ್ಥಿಗಳಿಗೆ, ಆ ಕಾಲದ ಜನ ಏನನ್ನು ಉಡುತ್ತಿದ್ದರು, ಹೇಗೆ ಉಡುತ್ತಿದ್ದರು ಎಂಬುದೂ ಚರಿತ್ರೆಯೇ ಎಂದು ಮನಗಾಣಿಸಿದವರು ಪ್ರೊ. ಸಂಘಮಿತ್ರಾ ಅವರು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತಿದೆ. ನಿವೃತ್ತಿಯ ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಸಲ್ಲದೆಂದು ಸಂಪಾದಕರು ಹೇಳಬಹುದು. ಆದರೆ ಇಷ್ಟು ವರ್ಷ ಅವರ ಪಕ್ಕದ ಕೊಠಡಿಯಲ್ಲಿ ಪಾಠ ಮಾಡಿದವನು ನಾನು, ಸಂಪಾದಕರಲ್ಲ.

ಹಳೇಕೋಟೆಯ ರೈತ ಮನೆತನದ ಸಂಘಮಿತ್ರಾ ಅವರು ಹೊಳೆನರಸೀಪುರದ ನಮ್ಮ ಕಾಲೇಜಿಗೆ ಬರುವ ಹೊತ್ತಿಗೆ ನಾನು ವಾಸ್ತುಶಿಲ್ಪದ ಪಾಠಕ್ಕೆ ಹೆಸರು ಮಾಡಿದ್ದೆ. ಈಜಿಪ್ಟಿನ ಪಿರಮಿಡ್ಡನ್ನೂ ಸುಮೇರಿಯಾದ ಮೆಟ್ಟಿಲು ಗೋಪುರವನ್ನೂ ಥರ್ಮಾಕೋಲಿನಲ್ಲಿ ಕಟ್ಟಿ ತೋರಿಸುತ್ತಿದ್ದೆ. ಅವರು ತರಗತಿಗೆ ತಂದದ್ದು ಬರೀ ಒಂದು ಹೊದಿಕೆ. ಅದನ್ನು ಎಡ ಹೆಗಲು ಮುಚ್ಚಿ, ಬಲ ಹೆಗಲು ಬಿಟ್ಟು ಒಬ್ಬ ವಿದ್ಯಾರ್ಥಿಗೆ ಹೊದಿಸಿ, "ಮೊಹೆಂಜೊದಾರೊ ಮೂರ್ತಿ ಇಂಗೇ ಐತೆ ನೋಡ್ರಪ್ಪ. ನಮ್ಮ ಬೌದ್ಧ ಭಿಕ್ಷುಗಳೂ ಇಂಗೇ ಹೊದೀತಾರೆ" ಎಂದದ್ದು ಗೋಡೆಯಾಚೆಯ ನನಗೂ ಕೇಳಿಸಿತು. ಮರುವಾರದಿಂದ ನನ್ನ ತರಗತಿ ತೆಳ್ಳಗಾಯಿತು. ಬಾಗೂರಿನ ರಜನೀಶನಂತೂ, "ಸಾ, ನಿಮ್ ಪಿರಮಿಡ್ಡು ಚೆಂದಾಗೈತೆ. ಮೇಡಂ ಕ್ಲಾಸು ಸುರುವಾಯ್ತದೆ, ಓಗ್ಲಾ?" ಎಂದು ಕೇಳಿಯೇ ಹೋದ.

ಕಾಲೇಜು ದಿನಾಚರಣೆಗೆ ಒಳ್ಳೆಯ ಬಟ್ಟೆಯಿಲ್ಲದ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದುದನ್ನು ಗಮನಿಸಿದವರೂ ಅವರೇ. ಒಂದು ವರ್ಷ, ಎಲ್ಲರೂ ಪ್ರಾಚೀನರಂತೆ ಹೊಲಿಗೆಯಿಲ್ಲದ ಬಿಳಿ ಬಟ್ಟೆಯೊಂದನ್ನೇ ಉಟ್ಟು ಬರಬೇಕೆಂದು ಪ್ರಾಂಶುಪಾಲರನ್ನು ಒಪ್ಪಿಸಿದರು. ಅಂದು ಒಬ್ಬರೂ ಮನೆಯಲ್ಲಿ ಉಳಿಯಲಿಲ್ಲ. ಇಷ್ಟು ಸರಳ ಉಪಾಯ ನನಗೇಕೆ ಹೊಳೆಯಲಿಲ್ಲವೆಂದು ಈಗಲೂ ಕರುಬುತ್ತೇನೆ. ರೋಮನ್ ಸೆನೆಟರನಾಗಿ ವೇದಿಕೆ ಏರಿದ ನಾನು, ಗಡಿಬಿಡಿಯಲ್ಲಿ ಟೋಗಾದ, ಅಂದರೆ ರೋಮನ್ನರು ಮೈಗೆ ಸುತ್ತಿಕೊಳ್ಳುವ ಬಟ್ಟೆಯ, ತುದಿಯನ್ನು ಹಿಂದಕ್ಕೆಳೆದು ಕಚ್ಚೆ ಸಿಕ್ಕಿಸಿಬಿಟ್ಟಿದ್ದೆ. ಸಭೆ ಗೊಳ್ಳೆಂದಿತು. ಮೇಡಂ ನಗಲಿಲ್ಲ.

"ಚನ್ನಬಸವಯ್ಯನೋರ ಕೈ ಅವರ ತಾತ ಉಟ್ಟಂಗೇ ಉಟ್ಟೈತೆ ಕಣ್ರಪ್ಪ. ರೋಮಿನೋರ ಕೈಗೂ ಅವರ ತಾತಂದಿರೇ ಕಲಿಸಿದ್ದು" ಎಂದು ಅಲ್ಲಿಯೇ ಪಾಠ ಶುರುಮಾಡಿದರು. ತಪ್ಪು ನನ್ನದು, ಚಪ್ಪಾಳೆ ಅವರದು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು, ಆಗ ನಮ್ಮಲ್ಲೇ ಓದುತ್ತಿದ್ದ ನನ್ನ ಮಗಳು ಯಶಸ್ವಿನಿ.

ಚಿಕ್ಕಂದಿನಿಂದ ನನ್ನ ಗೋಪುರಗಳಿಗೆ ಗೋಂದು ಹಚ್ಚಿಕೊಟ್ಟ ಮಗಳು ಮುಂದೆ ಸಂಶೋಧನೆಗೆ ಆರಿಸಿಕೊಂಡದ್ದು ಪ್ರಾಚೀನ ಉಡುಗೆಯನ್ನು. ಮಾರ್ಗದರ್ಶಕರು ಯಾರೆಂದು ಹೇಳಬೇಕಿಲ್ಲ. ಅಂದಿನಿಂದ ಮನೆಯಲ್ಲಿ ಊಟಕ್ಕೆ ಕುಳಿತರೆ ಮೇಡಂ ಹೇಳಿದ್ದೇ ಮಾತು. ಅವರ ನಿವೃತ್ತಿಯಾದರೆ ಮಗಳು ನನ್ನ ಕಡೆ ತಿರುಗಿಯಾಳೆಂದು ನಾನು ಕಾದದ್ದುಂಟು. ಮೇಡಂ ಇನ್ನು ಅರಕಲಗೂಡಿನ ಮನೆಯಲ್ಲಿ ಕುಳಿತು ಪುಸ್ತಕ ಬರೆಯುವರಂತೆ. ಮೊನ್ನೆ ಯಶಸ್ವಿನಿ, "ಅಪ್ಪಾ, ಇನ್ಮೇಲೆ ಭಾನುವಾರ ಭಾನುವಾರ ಅರಕಲಗೂಡಿಗೆ ಹೋಗ್ತೀನಿ. ಪುಸ್ತಕಕ್ಕೆ ಮೇಡಂ ನನ್ನೂ ಸೇರಿಸ್ಕೊಂಡಿದ್ದಾರೆ" ಎಂದಳು. ಅಷ್ಟು ಸಂತೋಷವನ್ನು ಅವಳ ಮುಖಕ್ಕೆ ನಾನು ಎಂದೂ ತಂದಿರಲಿಲ್ಲ.

ಪ್ರೊ. ಸಂಘಮಿತ್ರಾ ಅವರು ನೂರು ವರ್ಷ ಬಾಳಲಿ, ಅವರ ಲೇಖನಿ ದಣಿಯದಿರಲಿ. ಆ ಪುಸ್ತಕ ಮಾತ್ರ ಆದಷ್ಟು ಬೇಗ ಮುಗಿಯಲಿ. ನನಗೂ ಕೆಲವು ಭಾನುವಾರಗಳು ಬೇಕು.